ಅಪ್ಪಯ್ಯ ತೂರಾಡುವುದಲ್ಲ, ಓಲುವುದು. ಇಂಗ್ಲಿಷಿನಲ್ಲಿ ಏನಂತ ಬರೆಯಲಿ?

ಸಂಕದಾಚೆ (ತೀರ್ಥಹಳ್ಳಿ ಸೀಮೆ)

ಇಂಗ್ಲಿಷಿನಲ್ಲಿ ಪಳಗಿದವರು ಒಂದು ಪದಕ್ಕೆ ಸಹಾಯ ಮಾಡಬೇಕು. ಪದ ಒಂದೇ. ಆದರೆ ಅದರ ದೆಸೆಯಿಂದ ನಮ್ಮನೆಯಲ್ಲಿ ಎಂಟು ದಿನದಿಂದ ಅಪ್ಪಯ್ಯ ಸರಿಯಾಗಿ ಊಟ ಮಾಡಿಲ್ಲ.

ನಮ್ಮದು ಆಗುಂಬೆ ರಸ್ತೆಯಿಂದ ಒಳಗೆ ಒಂಟಿ ಮನೆ. ಮನೆಗೂ ತೋಟಕ್ಕೂ ನಡುವೆ ಹಳ್ಳ, ಹಳ್ಳಕ್ಕೊಂದು ಸಂಕ, ಅಂದರೆ ಕಾಲುಸೇತುವೆ. ತಲೆ ಮೇಲೆ ಸೊಪ್ಪಿನ ಹೊರೆ ಹೊತ್ತುಕೊಂಡು ಆ ಸಂಕವನ್ನು ಐವತ್ತು ವರ್ಷ ದಾಟಿದ ಕಾಲು ಅಪ್ಪಯ್ಯನದು. ಈಗ ಅವರಿಗೆ 72. ಹೋದ ಮಳೆಗಾಲದಿಂದ ನಡಿಗೆ ಸ್ಥಿರ ಇಲ್ಲ. ಅಂಗಳ ದಾಟುವಾಗ ಮೈ ಆಚೆಗೊಮ್ಮೆ ಈಚೆಗೊಮ್ಮೆ ಹೋಗುತ್ತದೆ. ಬೀಳುವುದಿಲ್ಲ. ಕುಂಟುವುದಿಲ್ಲ. ಕಾಲಿನಲ್ಲಿ ಬಲ ಇದೆ, ಈಗಲೂ ಒಂದು ಹೊರೆ ಕಟ್ಟಿಗೆ ಎತ್ತುತ್ತಾರೆ. ಆದರೆ ಪಾದ ಇಡುವ ಮೊದಲು ನೆಲವನ್ನು ನೋಡುತ್ತಾರೆ. ಮೊದಲು ಹಾಗೆ ನೋಡುತ್ತಿರಲಿಲ್ಲ.

ನನ್ನ ತಮ್ಮ ದೂರದ ಊರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿದ. ಅಲ್ಲಿಯವರು ಮೊದಲೇ ಫಾರಂ ತುಂಬಿ ಕಳಿಸಿ ಅಂದರು. ಎಲ್ಲ ಇಂಗ್ಲಿಷಿನಲ್ಲಿ. ನಡಿಗೆಯ ತೊಂದರೆ ಏನು, ನಿಮ್ಮ ಮಾತಿನಲ್ಲೇ ಬರೆಯಿರಿ ಅಂತ ನಾಲ್ಕು ಗೆರೆ ಖಾಲಿ ಬಿಟ್ಟಿದ್ದರು. ನಾನು ಪಿಯುಸಿವರೆಗೆ ಓದಿದವಳು. ನಿಘಂಟು ತೆಗೆದು ಹುಡುಕಿ, "ಸ್ಟ್ಯಾಗರ್" ಅಂತ ಸಿಕ್ಕಿತು, ಬರೆದೆ. ಮೈ ಅತ್ತಿತ್ತ ಆಗುತ್ತ ನಡೆಯುವುದು ಅಂತ ಅರ್ಥ ಕೊಟ್ಟಿತ್ತು. ಸರಿ ಅನ್ನಿಸಿತು.

ಹೋದ ವಾರ ಅಲ್ಲಿಗೆ ಹೋದೆವು. ಕೂತ ಕೂಡಲೇ ಆ ಕಿರಿಯ ಡಾಕ್ಟರ್ ಕೇಳಿದ್ದು, ದಿನಕ್ಕೆ ಎಷ್ಟು ಕುಡೀತೀರಿ ಅಂತ. ಇಲ್ಲ ಅಂದರು ಅಪ್ಪಯ್ಯ. ಮೊದಲು ಕುಡೀತಿದ್ರಾ? ಇಲ್ಲ. ನಿಜ ಹೇಳಿ, ನಿಮ್ಮ ಒಳ್ಳೇದಕ್ಕೇ ಕೇಳೋದು. ಇಲ್ಲ. ಆಮೇಲೆ ಫೈಲಿನಲ್ಲಿ "ಅಲ್ಕೋಹಾಲ್" ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದರು. ಅಪ್ಪಯ್ಯ ಶಾಲೆಯಲ್ಲಿ ಓದಿದ್ದು ಏಳನೇ ಕ್ಲಾಸು. ಆದರೆ ವರ್ಷಾ ವರ್ಷಾ ಅಡಿಕೆಗೆ ಹೊಡೆಯುವ ಮೈಲುತುತ್ತದ ಚೀಲದ ಮೇಲಿನ ಇಂಗ್ಲಿಷ್ ಓದಿ ಓದಿ ಅಕ್ಷರ ಕೂಡಿಸುವುದು ಅವರಿಗೆ ಬರುತ್ತದೆ. ಆ ಪದವನ್ನು ಅವರು ಓದಿದರು. ನಾನು ಅವರು ಓದುವುದನ್ನು ನೋಡಿದೆ.

ವಾಪಸು ಬಸ್ಸಿನಲ್ಲಿ ಒಂದೇ ಮಾತು ಆಡಿದ್ದು: "ಅಡಿಕೆ ಸೊಕ್ಕಿದ್ದು ಬಿಟ್ಟರೆ ಬೇರೆ ಅಮಲು ಈ ಮೈ ಕಂಡಿಲ್ಲ. ನೀನೇ ಹಾಗೆ ಬರೆದೆಯಾ?"

ಕನ್ನಡದಲ್ಲಾಗಿದ್ದರೆ ನಾನು ಸತ್ತರೂ ಅಪ್ಪಯ್ಯ ತೂರಾಡುತ್ತಾರೆ ಅಂತ ಬರೆಯುತ್ತಿರಲಿಲ್ಲ. ತೂರಾಡುವುದು ಯಾರು ಅಂತ ನನಗೆ ಗೊತ್ತು. ಅವರು ಓಲುತ್ತಾರೆ. ಇಂಗ್ಲಿಷಿನಲ್ಲಿ ಈ ಎರಡಕ್ಕೂ ಬೇರೆ ಬೇರೆ ಪದ ಇದೆಯಾ? ಮುಂದಿನ ತಿಂಗಳು ಬೇರೆ ಡಾಕ್ಟರ ಹತ್ತಿರ ಹೋಗಬೇಕು. ಈ ಸಲ ಸರಿಯಾಗಿ ಬರೆಯಬೇಕು.

ಹಳೇ ಮೇಷ್ಟ್ರು (ಸಾಗರ)

ತಂಗೀ, ಬೇರೆ ಬೇರೆ ಪದ ಇದೆಯಾ ಅಂತ ಕೇಳಿದ್ದೀಯ. ನಡಿಗೆ ತಪ್ಪುವುದಕ್ಕೆ ಇಂಗ್ಲಿಷಿನಲ್ಲಿ ಇರುವಷ್ಟು ಪದ ಸರಿಯಾಗಿ ನಡೆಯುವುದಕ್ಕೂ ಇಲ್ಲವೇನೋ.

ನಾನು 31 ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಟ್ಟವನು. ನಮ್ಮ ಕಡೆ ಜುಲೈ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಪಾಠ ಮಾಡುವ ಹಾಗೇ ಇಲ್ಲ, ತಗಡಿನ ಮಾಡಿನ ಮೇಲೆ ಮಳೆ ಬಿದ್ದರೆ ಮುಂದಿನ ಬೆಂಚಿನವನಿಗೂ ನನ್ನ ದನಿ ಕೇಳುತ್ತಿರಲಿಲ್ಲ. ಆಗ ನಾನು ಮಾತು ಬಿಟ್ಟು ನಡೆಯುತ್ತಿದ್ದೆ. ಬೋರ್ಡಿನ ಮುಂದೆ ಒಂದೊಂದು ಥರ ನಡೆದು ತೋರಿಸುವುದು, ಮಕ್ಕಳು ಅದು ಯಾವ ಪದ ಅಂತ ಪುಸ್ತಕದಲ್ಲಿ ಬರೆಯುವುದು. ಒಂದು ಕಾಲಿಗೆ ನೋವಾದ ಹಾಗೆ ನಡೆದರೆ ಲಿಂಪ್. ಎರಡೂ ಕಾಲಿಗೆ ಹಗ್ಗ ಕಟ್ಟಿದ ಹಾಗೆ ಕಷ್ಟಪಟ್ಟು ಹೆಜ್ಜೆ ಕಿತ್ತಿಟ್ಟರೆ ಹಾಬಲ್. ಮೇಯಲು ಬಿಟ್ಟ ಕುದುರೆ ದೂರ ಹೋಗದಂತೆ ಕಾಲು ಕಟ್ಟುವುದಕ್ಕೂ ಇದೇ ಪದ. ಚಪ್ಪಲಿ ಎತ್ತದೆ ಸರಸರ ಎಳೆದರೆ ಶಫಲ್, ಇಸ್ಪೀಟು ಎಲೆ ಕಲಸುವುದಕ್ಕೂ ಅದೇ. ಬಾತುಕೋಳಿಯ ಹಾಗೆ ಸೊಂಟ ತಿರುಗಿಸಿದರೆ ವಾಡಲ್. ನೀರಿನಲ್ಲೋ ಕೆಸರಿನಲ್ಲೋ ಕಾಲು ಕಿತ್ತು ನಡೆಯುವುದಕ್ಕೆ ವೇಡ್ ಅನ್ನುತ್ತಾರಲ್ಲ, ಅದರ ಮರಿ ಈ ವಾಡಲ್. ನೆಟ್ಟಿ ಮಾಡಿ ಗದ್ದೆಯಿಂದ ಮೇಲೆ ಬಂದವರ ನಡಿಗೆ ನೋಡಿದ ಮಕ್ಕಳಿಗೆ ಇದನ್ನು ನಾನು ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ.

ಒಂದು ಗುಟ್ಟು ಹೇಳುತ್ತೇನೆ, ನೆನಪಿಟ್ಟುಕೋ. ಹಾಬಲ್, ವಾಡಲ್, ಟಾಡಲ್, ವಾಬಲ್, ಸ್ಟಂಬಲ್, ಶಫಲ್ ಇವೆಲ್ಲದರ ಬಾಲ ಒಂದೇ. ಸ್ಟ್ಯಾಗರ್, ಟಾಟರ್, ಟೀಟರ್ ಇವುಗಳ ಬಾಲವೂ ಒಂದೇ. ಈ "ಲ್" ಮತ್ತು "ರ್" ಬಾಲಗಳು ಹಳೆಯ ಇಂಗ್ಲಿಷಿನಿಂದಲೂ ಅದರ ನಂಟು ಭಾಷೆಗಳಿಂದಲೂ ಬಂದವು. ಒಂದು ಕೆಲಸ ಸಣ್ಣ ಸಣ್ಣದಾಗಿ ಮತ್ತೆ ಮತ್ತೆ ಆಗುತ್ತಿದೆ ಅಂತ ಹೇಳುವುದೇ ಅವುಗಳ ಕೆಲಸ. ಕನ್ನಡದಲ್ಲಿ ಆ ಕೆಲಸ ಮಾಡುವುದು ಯಾವುದು? "ಆಡು". ತೂರಾಡು, ಓಲಾಡು, ಹೊಯ್ದಾಡು, ತೊನೆದಾಡು, ಅಲ್ಲಾಡು. ಒಂದು ಸಲ ಓಲಿದರೆ ಓಲಿದ, ಮತ್ತೆ ಮತ್ತೆ ಆದರೆ ಓಲಾಡಿದ. ಎರಡು ಭಾಷೆ ಎಲ್ಲಿಂದೆಲ್ಲಿಗೆ, ಆದರೆ ನಡಿಗೆ ತಪ್ಪಿದ ಮನುಷ್ಯನನ್ನು ನೋಡಿ ಇಬ್ಬರೂ ಪದಕ್ಕೆ ಬಾಲ ಕಟ್ಟಿದ್ದಾರೆ. ಇದು ನನಗೆ ಹೊಳೆದ ದಿನ ಕ್ಲಾಸು ಮುಗಿದ ಮೇಲೂ ಸ್ಟಾಫ್ ರೂಮಿಗೆ ಹೋಗದೆ ಜಗಲಿಯಲ್ಲೇ ನಿಂತಿದ್ದೆ.

ಈಗ ನಿನ್ನ ಪದಕ್ಕೆ ಬರೋಣ. ಸ್ಟ್ಯಾಗರ್ ಬಂದದ್ದು ಉತ್ತರದ ನಾರ್ಸ್ ಭಾಷೆಯಿಂದ, ಅದರ ಬೇರಿನಲ್ಲಿ ಇರುವುದು ತಳ್ಳು ಅನ್ನುವ ಅರ್ಥ. ಯಾರೋ ತಳ್ಳಿದ ಹಾಗೆ ಕಾಲು ಎಲ್ಲೆಲ್ಲೋ ಬೀಳುವುದು. ಪೆಟ್ಟು ತಿಂದವನೂ ಸ್ಟ್ಯಾಗರ್ ಆಗುತ್ತಾನೆ, ಸುಸ್ತಾದವನೂ ಆಗುತ್ತಾನೆ. ಆದರೆ ಕಾರಣ ಹೇಳದೆ ಬರೆದರೆ ಓದುವವನ ಮನಸ್ಸು ಮೊದಲು ಹೆಂಡದಂಗಡಿಗೇ ಹೋಗುತ್ತದೆ. ರೀಲ್ ಅಂತ ಇನ್ನೊಂದಿದೆ, ನೂಲು ಸುತ್ತುವ ರಾಟೆಯ ಪದ ಅದು. ತಲೆ ಗಿರ್ರನೆ ತಿರುಗಿ ಓಲಾಡುವುದು. ಅದೂ ಕುಡಿತದ ಕಡೆಗೇ ವಾಲುತ್ತದೆ. ಲರ್ಚ್ ಹಡಗಿನವರ ಮಾತು, ಇದ್ದಕ್ಕಿದ್ದ ಹಾಗೆ ಒಂದು ಬದಿಗೆ ಧಡಕ್ಕನೆ ವಾಲುವುದು. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ಮಾಡುವುದು ಲರ್ಚ್. ಟಾಟರ್ ಅಂದರೆ ಈಗಲೋ ಆಗಲೋ ಬಿದ್ದೇ ಬಿಡುವ ಹಾಗೆ ಇರುವುದು. ಮುದುಕರಿಗೂ ಹೇಳುತ್ತಾರೆ, ಹಳೇ ಗೋಡೆಗೂ ಹೇಳುತ್ತಾರೆ. ನಿನ್ನ ತಂದೆ ಬೀಳುವುದಿಲ್ಲ ಅಂದೆ, ಹಾಗಾದರೆ ಅದೂ ಬೇಡ.

ಇನ್ನು ಕನ್ನಡದಲ್ಲಿ ನಡೆ ಅಂದರೆ ಕಾಲಿನದೂ ಹೌದು, ಬಾಳಿನದೂ ಹೌದು. ನಡೆನುಡಿ ಅನ್ನುತ್ತೇವೆ. ನಡೆ ತಪ್ಪಿದ ಅಂದರೆ ಎಷ್ಟು ದೊಡ್ಡ ಬೈಗುಳ ನೋಡು. ನಿನ್ನ ತಂದೆ ನೊಂದದ್ದು ಅದಕ್ಕೇ. ಅವರ ಕಾಲಿನ ವಿಷಯ ಕೇಳಲು ಹೋದಲ್ಲಿ ಅವರ ಬಾಳಿನ ಬಗ್ಗೆ ಪ್ರಶ್ನೆ ಚಿಹ್ನೆ ಹಾಕಿಬಿಟ್ಟರು.

ನನ್ನ ಓಟು ಸ್ವೇಗೆ. ಕಾಲು ಇದ್ದಲ್ಲೇ ಇದ್ದು ಮೈ ಓಲುವುದು. ಸಕ್ರೆಬೈಲಿನಲ್ಲಿ ಆನೆ ನಿಂತಲ್ಲೇ ಓಲಾಡುತ್ತದಲ್ಲ, ಅದು ಸ್ವೇ. ಗಾಳಿಗೆ ಅಡಿಕೆ ಮರ ತೊನೆಯುವುದೂ ಅದೇ.

ಕೊಟ್ಟಿಗೆ ಬೆಳಕು (ಹೊಸನಗರ)

ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಸ್ಟ್ಯಾಗರ್ ಅಂದರೆ ಕುಡಿತ ಅಂತ ಎಲ್ಲರಿಗೂ ತೋಚುವುದಿಲ್ಲ. ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನಮ್ಮಲ್ಲಿ ಅದು ಕಾಯಿಲೆಯ ಹೆಸರೇ. ಗ್ರಾಸ್ ಸ್ಟ್ಯಾಗರ್ಸ್ ಅಂತ ಇದೆ, ಎಳೆ ಹುಲ್ಲು ಮೇಯುವ ದನದ ರಕ್ತದಲ್ಲಿ ಮೆಗ್ನೀಸಿಯಂ ಕಡಿಮೆಯಾದರೆ ಬರುತ್ತದೆ. ಕರು ಹಾಕಿದ ಒಂದೆರಡು ದಿನದಲ್ಲಿ ಹಾಲುಜ್ವರ ಬಂದ ಹಸು ಹಿಂಗಾಲು ಸಾವರಿಸಲಾಗದೆ ತತ್ತರಿಸುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಕ್ಯಾಲ್ಸಿಯಂ ಇಳಿದದ್ದು. ಅದಕ್ಕೂ ರಿಪೋರ್ಟಿನಲ್ಲಿ ನಾನು ಸ್ಟ್ಯಾಗರ್ ಅಂತಲೇ ಬರೆಯುತ್ತಿದ್ದೆ. ಯಾರೂ ಹಸು ಕುಡಿದಿದೆಯಾ ಅಂತ ಕೇಳಲಿಲ್ಲ.

ಹಾಗಾಗಿ ಈ ತಂಗಿ ಬರೆದ ಪದ ತಪ್ಪಲ್ಲ. ಓದಿದವರು ಮನುಷ್ಯನ ಮುಖ ನೋಡುವ ಮೊದಲೇ ತೀರ್ಮಾನ ಮಾಡಿದ್ದು ತಪ್ಪು. ತಾಯೀ, ನೀವು ನಿಮ್ಮನ್ನು ಬೈದುಕೊಳ್ಳಬೇಡಿ. ಡಾಕ್ಟರಾದವರು ಕುಡಿತದ ಬಗ್ಗೆ ಕೇಳಲೇಬೇಕು, ಒಂದು ಸಲ ಕೇಳಲಿ. ಇಲ್ಲ ಅಂದ ಮೇಲೆ ಮೂರು ಸಲ ಕೇಳುವುದು ಯಾಕೆ?

ನಡಿಗೆ ನೋಡುವವಳು (ಶಿವಮೊಗ್ಗ)

ನಾನು ಫಿಸಿಯೋಥೆರಪಿಸ್ಟ್. ದಿನಾ ನೋಡುವುದು ಇದನ್ನೇ, ಜನ ಬಾಗಿಲಿನಿಂದ ಕುರ್ಚಿಯವರೆಗೆ ಹೇಗೆ ಬಂದರು ಅಂತ. ಮೇಷ್ಟ್ರು ಹೇಳಿದ ಪದಗಳನ್ನು ಓದಿ ತುಂಬ ಖುಷಿಯಾಯಿತು. ಆದರೆ ಅಕ್ಕ, ಡಾಕ್ಟರಿಗೆ ಪದಕ್ಕಿಂತ ನೀವು ಕಂಡದ್ದು ಮುಖ್ಯ.

ಕುಡಿದವರ ನಡಿಗೆಗೂ ಕೆಲವು ಕಾಯಿಲೆಯ ನಡಿಗೆಗೂ ಹೋಲಿಕೆ ಇರುವುದು ಸುಳ್ಳಲ್ಲ. ತಲೆಯ ಹಿಂಭಾಗದಲ್ಲಿ ಕಿರುಮೆದುಳು ಅಂತ ಇದೆ, ಹೆಜ್ಜೆಯ ಅಳತೆ ಸರಿಯಾಗಿ ಇಡುವುದು ಅದರ ಕೆಲಸ. ಮದ್ಯ ಹೊಡೆಯುವುದು ಅದಕ್ಕೇ. ಬೇರೆ ಕಾರಣಕ್ಕೆ ಕಿರುಮೆದುಳು ಕೆಟ್ಟರೂ ಮನುಷ್ಯ ಕಾಲು ಅಗಲಿಸಿಕೊಂಡು ಕುಡಿದವರ ಹಾಗೇ ನಡೆಯುತ್ತಾನೆ. ಪಾರ್ಕಿನ್ಸನ್ ಬೇರೆ. ಅಲ್ಲಿ ಹೆಜ್ಜೆ ಸಣ್ಣದಾಗುತ್ತದೆ, ಕೈ ಬೀಸುವುದು ನಿಲ್ಲುತ್ತದೆ, ಮೈ ಮುಂದಕ್ಕೆ ಬಾಗಿ ನಡಿಗೆ ತಾನಾಗಿ ಓಟವಾಗುತ್ತದೆ. ಲಂಡನ್ನಿನ ಡಾಕ್ಟರ್ ಜೇಮ್ಸ್ ಪಾರ್ಕಿನ್ಸನ್ 1817ರಲ್ಲೇ ಅದನ್ನು ಗಮನಿಸಿ ಬರೆದಿದ್ದರು. ಅವರು ನೋಡಿದ ಕೆಲವರು ಬರೀ ಬೀದಿಯಲ್ಲಿ ಹೋಗುತ್ತಿದ್ದವರು. ನಡಿಗೆ ಅಷ್ಟು ಹೇಳುತ್ತದೆ.

ನೀವು ಬರೆದದ್ದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದೇ ಸಾಲು, ಪಾದ ಇಡುವ ಮೊದಲು ನೆಲ ನೋಡುತ್ತಾರೆ ಅನ್ನುವುದು. ಕಾಲು ಎಲ್ಲಿದೆ ಅಂತ ನಮಗೆ ನೋಡದೆಯೂ ಗೊತ್ತಿರುತ್ತದೆ. ಪಾದ, ಕೀಲುಗಳಿಂದ ಬೆನ್ನುಹುರಿಯ ಹಿಂಭಾಗದ ಎಳೆಗಳ ಮೂಲಕ ಆ ಸುದ್ದಿ ಮೇಲೆ ಹೋಗುತ್ತಿರುತ್ತದೆ. ಆ ಸುದ್ದಿ ನಿಂತರೆ ಕಣ್ಣು ಆ ಕೆಲಸ ವಹಿಸಿಕೊಳ್ಳುತ್ತದೆ. ಅದಕ್ಕೇ ಕೇಳುತ್ತೇನೆ:

ಕತ್ತಲಲ್ಲಿ ಜಾಸ್ತಿಯಾಗುತ್ತದಾ? ಕಣ್ಣು ಮುಚ್ಚಿದಾಗ ಏನಾಗುತ್ತದೆ, ಮುಖ ತೊಳೆಯುವಾಗ, ತಲೆಗೆ ನೀರು ಹಾಕಿಕೊಳ್ಳುವಾಗ? ನಡೆಯುವಾಗ ಚಪ್ಪಲಿ ಕಳಚಿದರೆ ಅವರಿಗೆ ಗೊತ್ತಾಗುತ್ತದಾ? ಬಹಳ ವರ್ಷದಿಂದ ನುಂಗುತ್ತಿರುವ ಮಾತ್ರೆ ಯಾವುದಾದರೂ ಇದೆಯಾ? ಎಲ್ಲಕ್ಕಿಂತ ಮುಖ್ಯವಾಗಿ, ಅವರು ತಮ್ಮ ಬಾಯಲ್ಲಿ ಏನು ಹೇಳುತ್ತಾರೆ? ನೀವು ಏನು ನೋಡುತ್ತೀರಿ ಅಂತ ಬರೆದಿರಿ. ಅವರಿಗೆ ಏನು ಅನ್ನಿಸುತ್ತದೆ ಅಂತ ಬರೆಯಲಿಲ್ಲ.

ಕಾಯಿಲೆಯ ಹೆಸರು ಹೇಳುವುದು ನನ್ನ ಕೆಲಸವಲ್ಲ, ಅದನ್ನು ಡಾಕ್ಟರೇ ಹೇಳಬೇಕು. ಅಲ್ಲಿಯವರೆಗೆ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಏನಾದರೂ ಹಾಕಿಸಿ, ರಾತ್ರಿ ಒಂದು ದೀಪ ಉರಿಯುತ್ತಿರಲಿ. ಕೈಗೊಂದು ಕೋಲು ಕೊಡಿ. ಕೋಲಿನ ಮೇಲೆ ಭಾರ ಹಾಕದೆ ಬರೀ ಮುಟ್ಟಿಸಿಕೊಂಡು ನಡೆದರೂ ಕಾಲು ಕೊಡದ ಸುದ್ದಿಯನ್ನು ಕೈ ಕೊಡುತ್ತದೆ.

ಸಂಕದಾಚೆ

ನಿನ್ನೆ ರಾತ್ರಿ ಇದನ್ನು ಓದಿದೆ. ಇವತ್ತು ಬೆಳಗ್ಗೆ ಬಚ್ಚಲ ಬಾಗಿಲ ಹತ್ತಿರ ನಿಂತು ನೋಡಿದೆ.

ಹಂಡೆಯಿಂದ ಒಂದು ತಂಬಿಗೆ ಬಗ್ಗಿಸಿಕೊಂಡರು. ತಲೆ ಮೇಲೆ ಹೊಯ್ದುಕೊಂಡು ಕಣ್ಣು ಮುಚ್ಚಿದರು. ಮುಚ್ಚಿದ ಕ್ಷಣಕ್ಕೇ ಎಡಗೈ ತಾನಾಗಿ ಗೋಡೆಗೆ ಹೋಯಿತು. ಹೋಗುವಷ್ಟರಲ್ಲಿ ಮೈ ಹಿಂದಕ್ಕೊಂದು ಸಲ, ಮುಂದಕ್ಕೊಂದು ಸಲ ತೊನೆಯಿತು. ಕಾಲು ಕದಲಲಿಲ್ಲ. ಗೋಡೆಯಲ್ಲಿ ಆ ಜಾಗ ನೋಡಿದೆ. ಅಲ್ಲಿ ಅಂಗೈ ಅಗಲದಷ್ಟು ಹೊಗೆ ಮಸಿ ಅಳಿಸಿ ಹೋಗಿ ಬೆಳ್ಳಗಾಗಿದೆ. ಅಂದರೆ ಎಷ್ಟು ತಿಂಗಳಿಂದ ಹೀಗೆ ಹಿಡಿಯುತ್ತಿದ್ದಾರೆ? ನಾನು ದಿನಾ ಆ ಬಚ್ಚಲು ಗುಡಿಸುವವಳು, ನೋಡಿರಲಿಲ್ಲ.

ಕತ್ತಲಲ್ಲಿ ಜಾಸ್ತಿ, ಹೌದು. ಕರೆಂಟು ಹೋದರೆ ಕೂತಲ್ಲಿಂದ ಏಳುವುದಿಲ್ಲ, ನಾನು ಸೋಮಾರಿತನ ಅಂದುಕೊಂಡಿದ್ದೆ. ಚಪ್ಪಲಿಯದಂತೂ ಹೇಳಲೇಬೇಕು. ಹೋದ ತಿಂಗಳು ತೋಟದಿಂದ ಒಂದೇ ಚಪ್ಪಲಿಯಲ್ಲಿ ಬಂದರು. ಇನ್ನೊಂದು ಎಲ್ಲಿ ಅಂದರೆ ಕೆಳಗೆ ನೋಡಿಕೊಂಡು ಅವರೇ ಬೆರಗಾದರು. ಬಸಿಗಾಲುವೆಯ ಹತ್ತಿರ ಕೆಸರಿನಲ್ಲಿ ಸಿಕ್ಕಿತು. ಉಂಬಳ (ಜಿಗಣೆ) ಕಚ್ಚಿದ್ದೂ ಅವರಿಗೆ ಗೊತ್ತಾಗುವುದಿಲ್ಲ, ರಕ್ತ ನೋಡಿ ನಾನೇ ಹೇಳುವುದು. ಹೊಟ್ಟೆ ಉರಿಗೆ ಬೆಳಗ್ಗೆ ಒಂದು ಮಾತ್ರೆ ಆರೇಳು ವರ್ಷದಿಂದ ಇದೆ. ನಮ್ಮದು ಸಸ್ಯಾಹಾರ. ಎಮ್ಮೆ ಕೊಟ್ಟ ಮೇಲೆ ಅವರು ಹಾಲು ಮೊಸರನ್ನೂ ಹೆಚ್ಚು ಕಡಿಮೆ ಬಿಟ್ಟಿದ್ದಾರೆ.

ಮಧ್ಯಾಹ್ನ ಊಟಕ್ಕೆ ಕೂತಾಗ ಕೇಳಿದೆ, ಅಪ್ಪಯ್ಯ, ನಡೆಯುವಾಗ ನಿಮಗೆ ಎಂತ ಅನ್ನಿಸುತ್ತದೆ? ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: "ನೆಲ ಸಿಕ್ಕೋದೇ ಇಲ್ಲ ಮಾರಾಯ್ತಿ. ಎಲ್ಲಿ ಕಾಲಿಟ್ಟರೂ ದರಗಿನ ಮೇಲೆ ಇಟ್ಟ ಹಾಗೆ. ಅಡಿಗೆ ನೆಲ ಇದೆಯೋ ಗುಂಡಿ ಇದೆಯೋ ತಿಳಿಯೋದಿಲ್ಲ." ದರಗು ಅಂದರೆ ಉದುರಿ ಬಿದ್ದ ಒಣ ಎಲೆ.

ಈ ಮಾತು ಒಂದು ವರ್ಷದಿಂದ ಅವರೊಳಗೇ ಇತ್ತು. ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ನಿಘಂಟು ಕೇಳಿದೆ.

ನಡಿಗೆ ನೋಡುವವಳು

ಅಕ್ಕ, ಈ ಪ್ಯಾರಾವನ್ನು ಹೀಗೇ ಬರೆಯಿರಿ. ಹತ್ತಿಯ ಮೇಲೆ ನಡೆದ ಹಾಗೆ ಅಂತ ಬಹಳ ಜನ ನಮ್ಮಲ್ಲಿ ಹೇಳುತ್ತಾರೆ, ದರಗು ಅಂತ ಇದೇ ಮೊದಲು ಕೇಳಿದ್ದು. ಬಚ್ಚಲಲ್ಲಿ ನೀವು ಕಂಡದ್ದಕ್ಕೆ ಒಂದು ಪರೀಕ್ಷೆಯೇ ಇದೆ. ಜರ್ಮನಿಯ ರಾಂಬರ್ಗ್ ಅನ್ನುವ ಡಾಕ್ಟರ ಹೆಸರಿನದು. ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುತ್ತಾರೆ. ಮಾತ್ರೆಯ ಹೆಸರು, ಊಟದ ವಿಷಯ ಬಿಡಬೇಡಿ. ಬಿ12 ಅನ್ನುವ ಜೀವಸತ್ವ ಸಸ್ಯಾಹಾರದಲ್ಲಿ ಹಾಲು ಮೊಸರಿನಿಂದಲೇ ಬರಬೇಕು, ವಯಸ್ಸಾದ ಮೇಲೆ ಮೈಗೆ ಹತ್ತುವುದೂ ಕಡಿಮೆ, ಆಮ್ಲ ತಗ್ಗಿಸುವ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಇನ್ನೂ ಕಡಿಮೆ. ಅದೇ ಅಂತ ನಾನು ಹೇಳುತ್ತಿಲ್ಲ. ರಕ್ತ ಪರೀಕ್ಷೆ ಮಾಡಬೇಕಾ ಅಂತ ನೀವೇ ಕೇಳಿ. ಮಾತ್ರೆಯನ್ನು ಮಾತ್ರ ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಮತ್ತೆ ಮುಂದಿನ ತಿಂಗಳವರೆಗೆ ಕಾಯಬೇಡಿ, ನರದ ವಿಷಯದಲ್ಲಿ ತಡವಾದಷ್ಟೂ ವಾಪಸು ಬರುವುದು ಕಡಿಮೆ.

ಮೂರು ಕಣಿವೆ (ಕೊಪ್ಪ)

ನಾನು ಇಲ್ಲಿಗೆ ಬಂದದ್ದು ಬೇರೆ ಕಾರಣಕ್ಕೆ, ಮಗಳ ವಿಡಿಯೋಗೆ ಹಾಕಲು ಟಾಡಲ್ ಪದಕ್ಕೆ ಕನ್ನಡ ಹುಡುಕುತ್ತಾ. ಹನ್ನೊಂದು ತಿಂಗಳಾಯಿತು, ಈಗ ನಡೆಯುತ್ತಿದ್ದಾಳೆ. ನಮ್ಮಜ್ಜಿ ತಿಪ್ಪ ತಿಪ್ಪ ಹೆಜ್ಜೆ ಅನ್ನುತ್ತಾರೆ. ಮಗುವೂ ಕಾಲು ಅಗಲಿಸಿಕೊಂಡು, ನೆಲ ನೋಡಿಕೊಂಡೇ ನಡೆಯುತ್ತದೆ. ಅದನ್ನು ನೋಡಿ ಮನೆಮಂದಿಯೆಲ್ಲ ಚಪ್ಪಾಳೆ ಹೊಡೆಯುತ್ತೇವೆ. ಅಕ್ಕನ ತಂದೆಯವರ ವಿಷಯ ಓದಿ ಕಣ್ಣಲ್ಲಿ ನೀರು ಬಂತು. ಬೇಗ ಸರಿಯಾಗಲಿ.

ಹಳೇ ಮೇಷ್ಟ್ರು

ಕೊಪ್ಪದ ತಾಯಿಗೆ: ತಿಪ್ಪ ತಿಪ್ಪ ಹೆಜ್ಜೆಯೇ ಚೆನ್ನ. ಹಳಗನ್ನಡದಲ್ಲಿ ತಳರ್ನಡೆ ಅಂತಲೂ ಇದೆ, ಮಗುವಿನ ನಡಿಗೆಗೆ ಹೇಳುವುದು. ಆ ಮುದ್ದು ಟಾಡಲ್‌ನಲ್ಲಿಯೂ ಇದೆ, ಟಾಡ್ಲರ್ ಅನ್ನುವ ಪದ ಹುಟ್ಟಿದ್ದು ಅದರಿಂದಲೇ. ಮುದುಕರಿಗೆ ಅದನ್ನು ಹೇಳಿದರೆ ಮರ್ಯಾದೆಯಲ್ಲ.

ಸಂಕದಾಚೆಯ ತಂಗಿಗೆ: ನಾನು ಸ್ವೇ ಅಂದಿದ್ದೆ, ಅದನ್ನು ಬಚ್ಚಲಿನ ಸಾಲಿಗೆ ಮಾತ್ರ ಇಟ್ಟುಕೋ. ನಡಿಗೆಗೆ "ಅನ್‌ಸ್ಟೆಡಿ ಆನ್ ಹಿಸ್ ಫೀಟ್" ಅಂತ ಬರೆ. ಅದರಲ್ಲಿ ಕಾರಣದ ವಾಸನೆ ಇಲ್ಲ, ಯಾರ ಮೇಲೂ ಆರೋಪ ಇಲ್ಲ. ಕಾಲು ಸ್ಥಿರ ಇಲ್ಲ, ಅಷ್ಟೇ. ದರಗಿಗೆ ಡ್ರೈ ಲೀವ್ಸ್ ಅಂತ ಬರೆದು ಸುಮ್ಮನಾಗಬೇಡ, ಅಡಿಗೆ ಏನಿದೆ ಅಂತ ಗೊತ್ತಾಗದಷ್ಟು ದಪ್ಪಗೆ ಹಾಸಿದ ಒಣ ಎಲೆ ಅಂತ ಬಿಡಿಸಿ ಬರೆ. ಬೇಕಾದರೆ ದರಗು ಅನ್ನುವ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಡು. ನಿಮ್ಮ ತೋಟದ ಕೊಳೆರೋಗವನ್ನು ಇಂಗ್ಲಿಷಿನ ಕೃಷಿ ಪುಸ್ತಕಗಳು ಕೊಳೆರೋಗ ಅಂತಲೇ ಬರೆಯುತ್ತವೆ. ನಮ್ಮ ಪದ ಅಲ್ಲಿಗೆ ಹೋಗಿ ಕೂರುವುದು ಹೊಸತಲ್ಲ.

ಬರೆದು ಇಲ್ಲಿ ಹಾಕು, ತಿದ್ದಿ ಕೊಡುತ್ತೇನೆ.

ಸಂಕದಾಚೆ

ಮೂರು ವಾರದ ಮೇಲೆ ಬರೆಯುತ್ತಿದ್ದೇನೆ. ಮೇಷ್ಟ್ರು ಎರಡು ಸಲ ತಿದ್ದಿಕೊಟ್ಟರು, ಅವರಿಗೆ ನಮಸ್ಕಾರ. ಶಿವಮೊಗ್ಗದ ತಂಗಿ ಹೇಳಿದ ಹಾಗೆ ಕಾಯಲಿಲ್ಲ, ಹತ್ತಿರದಲ್ಲೇ ಒಬ್ಬ ನರರೋಗದ ಡಾಕ್ಟರು ಮೊದಲೇ ಸಿಕ್ಕಿದರು.

ಅವರು ಕಾಗದವನ್ನು ಎರಡು ಸಲ ಓದಿದರು. ಓದಿ ಅಪ್ಪಯ್ಯನ ಕಡೆ ತಿರುಗಿ ಕನ್ನಡದಲ್ಲೇ, ದರಗಿನ ಮೇಲೆ ನಡೆದ ಹಾಗೆ ಅಂದಿರಂತೆ, ಎರಡೂ ಕಾಲಿಗಾ ಅಂತ ಕೇಳಿದರು. ಅಪ್ಪಯ್ಯ ಬೆನ್ನು ನೆಟ್ಟಗೆ ಮಾಡಿ ಕೂತರು. ಅಲ್ಲಿಂದ ಮುಂದೆ ನಾನು ಮಾತಾಡಬೇಕಾಗಿ ಬರಲಿಲ್ಲ. ಬಚ್ಚಲು, ಚಪ್ಪಲಿ, ಉಂಬಳ ಎಲ್ಲ ಅವರೇ ಹೇಳಿದರು. ಕುಡಿತದ ಬಗ್ಗೆ ಇವರೂ ಕೇಳಿದರು, ಒಂದೇ ಸಲ. ಇಲ್ಲ ಅಂದದ್ದನ್ನು ಬರೆದುಕೊಂಡರು.

ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದರು, ಬೀಳದ ಹಾಗೆ ಎರಡೂ ಕಡೆ ಕೈ ಹಿಡಿದುಕೊಂಡು. ಬಚ್ಚಲಲ್ಲಿ ಕಂಡ ಹಾಗೇ ತೊನೆದರು. ಆಮೇಲೆ ಎರಡು ಕವಲಿನ ಒಂದು ಕಬ್ಬಿಣದ ಸಲಾಕೆ ತಟ್ಟಿ, ಅದು ಗುಂಯ್ ಅನ್ನುತ್ತಿರುವಾಗಲೇ ಕಾಲಿನ ಹಿಮ್ಮಡಿ ಗಂಟಿಗೆ ಇಟ್ಟು, ನಡುಕ ನಿಂತಾಗ ಹೇಳಿ ಅಂದರು. ಅಪ್ಪಯ್ಯ ತಕ್ಷಣ "ನಿಂತಿತು" ಅಂದರು. ನಿಂತಿರಲಿಲ್ಲ. ಅದು ಇನ್ನೂ ಗುಂಯ್ ಅನ್ನುವುದು ದೂರ ಕೂತ ನನಗೇ ಕೇಳುತ್ತಿತ್ತು. ಅದೇ ಸಲಾಕೆಯನ್ನು ಕೈಯ ಗಂಟಿಗೆ ಇಟ್ಟಾಗ ಸರಿಯಾಗಿ ಹೇಳಿದರು.

ರಕ್ತದಲ್ಲಿ ಬಿ12 ಬಹಳ ಕಡಿಮೆ ಇದೆ. ಇಂಜೆಕ್ಷನ್ ಶುರುವಾಗಿದೆ. ಹೊಟ್ಟೆಯ ಮಾತ್ರೆ ಬದಲಿಸಿದ್ದಾರೆ. ಎಷ್ಟು ವಾಪಸು ಬರುತ್ತದೆ ಅಂತ ಈಗಲೇ ಹೇಳಲಾಗದು, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದಿದ್ದಾರೆ. ಮೊದಲಿನ ಆಸ್ಪತ್ರೆಗೆ ತಮ್ಮ ಕಾಗದ ಬರೆದಿದ್ದಾನೆ, ಆ ಪ್ರಶ್ನೆ ಚಿಹ್ನೆಯನ್ನು ತೆಗೆಯಿರಿ ಅಂತ. ಇನ್ನೂ ಉತ್ತರ ಬಂದಿಲ್ಲ. ತೆಗೆಯುವವರೆಗೆ ಬರೆಯುತ್ತಲೇ ಇರು ಅಂದಿದ್ದೇನೆ.

ಮನೆಗೆ ಬಂದ ಮೇಲೆ ಅಪ್ಪಯ್ಯ ಕೇಳಿದರು, ಈ ಸಲ ಏನಂತ ಬರೆದಿದ್ದೆ? ಸ್ವೇ ಅಂತ, ಮರ ತೊನೆದ ಹಾಗೆ ಅಂದೆ. ಅವರು ಪ್ರಾಯದಲ್ಲಿ ಅಡಿಕೆ ಕೊನೆ ಕೊಯ್ಯಲು ಮರ ಹತ್ತುತ್ತಿದ್ದವರು. ತುದಿಯಲ್ಲಿ ಕೂತು ಮರವನ್ನು ತೊನೆಸಿ ತೊನೆಸಿ ಪಕ್ಕದ ಮರ ಹಿಡಿದು, ಕೆಳಗಿಳಿಯದೆ ಒಂದರಿಂದ ಒಂದಕ್ಕೆ ದಾಟುತ್ತಿದ್ದರಂತೆ. "ಹೌದು, ಅದು ಸರಿ" ಅಂದರು.

ಸಂಕದ ಪಾಚಿ ಕೆರೆಸಿ, ಎರಡೂ ಬದಿಗೆ ಅಡಿಕೆ ದಬ್ಬೆಯ ಕೈಹಿಡಿ ಕಟ್ಟಿಸಿದ್ದೇನೆ. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಕೋಲು ಹಿಡಿದು ದಾಟುತ್ತಾರೆ. ನಾನು ಈಚೆ ದಡದಲ್ಲಿ ನಿಂತಿರುತ್ತೇನೆ.